ತಾತನ ಕಾಲದ ಮಂಚ

ನಮ್ಮ ತಾತ ಬದುಕಿದ್ದಷ್ಟು ದಿನವೂ ಚಾಪೆಯ ಮೇಲೆ ಮಲಗಿದವರು. ಮಂಚ ಎಂದರೆ ಅವರಿಗೆ ಭಯ, ನಿದ್ದೆಯಲ್ಲಿ ಹೊರಳಿ ಬಿದ್ದುಬಿಡುತ್ತೇನೆ ಎನ್ನುತ್ತಿದ್ದರು. ಅಂಥವರಿಗೆ, ತೀರಿಕೊಂಡು ಮೂವತ್ತೈದು ವರ್ಷವಾದ ಮೇಲೆ, ಒಂದು ಶನಿವಾರ ಸಂಜೆ ತೇಗದ ಮಂಚವೊಂದು ಪ್ರಾಪ್ತವಾಯಿತು. ಕೊಡಿಸಿದವನು ನನ್ನ ತಮ್ಮ. ಅಂಗಡಿಯಿಂದಲ್ಲ, ಬಾಯಿಂದ.

ನನ್ನ ತಮ್ಮ ಪಾರ್ಸಲ್ ಆಫೀಸಿನಲ್ಲಿ ತೂಕ ಹಾಕುವ ಕೆಲಸದವನು. ಇಪ್ಪತ್ತಾರು ವರ್ಷ ಊರಿನವರ ಗಂಟುಮೂಟೆಗಳನ್ನು ತಕ್ಕಡಿಗೆ ಎತ್ತಿ ಇಳಿಸಿದ್ದಾನೆ. ಬೀದಿಯವರೆಲ್ಲ ಅವನನ್ನು ತೂಕದಣ್ಣ ಎಂದೇ ಕರೆಯುವುದು. ವಯಸ್ಸು ನಲವತ್ತೇಳಾದರೂ ಮದುವೆಯಾಗಿರಲಿಲ್ಲ. ಸಂಬಂಧಗಳು ಬಾರದೆ ಇರಲಿಲ್ಲ. ಬರುತ್ತಿದ್ದವು, ಕೂಡುತ್ತಿದ್ದವು, ಎಲ್ಲರೂ ಒಪ್ಪಿ ಎದ್ದು ನಿಲ್ಲುವ ಹೊತ್ತಿಗೆ ಇವನು ಒಂದು ಮಾತು ಹೆಚ್ಚಿಗೆ ಆಡಿಬಿಡುತ್ತಿದ್ದ. ಅಲ್ಲಿಗೆ ಮುಗಿಯುತ್ತಿತ್ತು.

ಈ ಸಲ ಬಂದದ್ದು ಹೊಲಿಗೆ ಟೀಚರ್ ಸಂಬಂಧ. ನಲವತ್ತರ ಮೇಲಿನ ಹೆಂಗಸು, ಹೊಲಿಗೆ ಶಾಲೆಯ ಹಾಸ್ಟೆಲಿನಲ್ಲೇ ಇದ್ದವಳು. ಮಾತು ಕಡಿಮೆ, ಆಡಿದ್ದು ದಾರ ಕತ್ತರಿಸಿದ ಹಾಗೆ.

ಆ ಶನಿವಾರ ಹೊಲಿಗೆ ಶಾಲೆಯ ಜಗುಲಿಯಲ್ಲಿ ಕೂತಿದ್ದೆವು. ಅವಳೆಂದಳು, "ನನಗೆ ಬೇರೇನೂ ಬೇಡ. ಇಪ್ಪತ್ತು ವರ್ಷದಿಂದ ನಾಲ್ಕು ಜನರ ಜೊತೆ ಒಂದು ಕೋಣೇಲಿ ಹಲಗೆ ಮೇಲೆ ಮಲಗಿದೀನಿ. ಇನ್ನು ಮೇಲಾದ್ರೂ ನನ್ನದು ಅನ್ನೋ ಒಂದು ಕೋಣೆ ಅಚ್ಚುಕಟ್ಟಾಗಿರಲಿ. ಬಂದು ನೋಡ್ತೀನಿ. ನೋಡಿ ಹೇಳ್ತೀನಿ."

"ಆಗಲಮ್ಮ, ಅಷ್ಟೇ ತಾನೆ" ಎಂದೆ ನಾನು. ಅಲ್ಲಿಗೆ ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎದ್ದೆವು ಕೂಡ. ಚಪ್ಪಲಿಗೆ ಕಾಲು ತೂರಿಸುತ್ತ ನನ್ನ ತಮ್ಮ ಬಾಯಿ ತೆರೆದ.

"ಕೋಣೆ ಬಿಡಿ ಟೀಚರ್, ನಮ್ಮ ತಾತನ ಕಾಲದ ತೇಗದ ಮಂಚವೇ ಇದೆ. ಮೂರು ತಲೆಮಾರಿನದು. ಗೋಡೆ ಮೇಲೆ ಹಳೇ ಕಾಲದ ಚಿತ್ರಗಳಿವೆ. ಈಗ ಅಂಥವು ಎಲ್ಲಿ ಸಿಗ್ತವೆ?"

ಟೀಚರ್ ಅವನನ್ನು ಒಮ್ಮೆ ನೋಡಿ, "ಮುಂದಿನ ಭಾನುವಾರ ಹತ್ತೂವರೆಗೆ ಬರ್ತೀನಿ" ಎಂದಳು.

ಮನೆಗೆ ಬಂದು ಅವನ ಕೋಣೆಯ ಬಾಗಿಲು ತಳ್ಳಿ ತೋರಿಸಿದೆ. ನೆಲದ ಮೇಲೊಂದು ಹಾಸಿಗೆ, ಮೂಲೆಯಲ್ಲಿ ಪಾರ್ಸಲ್ ಕಟ್ಟುವ ಹುರಿಯ ಉಂಡೆಗಳು, ಗೋಡೆಗೆ ಹೋದ ವರ್ಷದ ಕ್ಯಾಲೆಂಡರು.

"ಎಲ್ಲೋ ನಿನ್ನ ಮೂರು ತಲೆಮಾರು?"

"ಎಂಟು ದಿನ ಇದೆ ಅಕ್ಕಾ" ಎಂದ, ಎಂಟು ದಿನದಲ್ಲಿ ಮೂರು ತಲೆಮಾರು ಕಳೆಯುವುದು ದೊಡ್ಡ ಮಾತಲ್ಲ ಎನ್ನುವ ಹಾಗೆ.

ಸೋಮವಾರ ಗುಜರಿ ಅಂಗಡಿಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಕೈಗಾಡಿಯೊಂದನ್ನು ತಳ್ಳಿಸಿಕೊಂಡು ಬಂದ. ಊರಿನಲ್ಲಿ ಯಾವುದೋ ಹಳೇ ನರ್ಸಿಂಗ್ ಹೋಮು ಬಾಗಿಲು ಹಾಕಿತ್ತಂತೆ. ಅದರ ಸಾಮಾನೆಲ್ಲ ಗುಜರಿಗೆ ಬಂದಿತ್ತು, ಗುಜರಿಯಿಂದ ಒಂದು ಗಾಡಿಯಷ್ಟು ನಮ್ಮ ಮನೆಗೆ ಬಂತು. ಕಾಲಿಗೆ ಗಾಲಿ ಇರುವ ಕಬ್ಬಿಣದ ಮಂಚ. ಪಕ್ಕದಲ್ಲಿಡುವ ಕಬ್ಬಿಣದ ಪೆಟ್ಟಿಗೆ. ಮೂರು ಮಡಿಕೆಯ ಬಟ್ಟೆ ಪರದೆ. ತುದಿಯಲ್ಲಿ ಎರಡು ಕೊಕ್ಕೆ ಇರುವ ಉದ್ದನೆಯ ಕಂಬ. ಚೌಕಟ್ಟು ಹಾಕಿದ ಎರಡು ಚಿತ್ರ.

"ಲೋ, ಇದು ಆಸ್ಪತ್ರೆ ಮಂಚ ಕಣೋ" ಎಂದೆ.

"ಆಸ್ಪತ್ರೆ ಮಂಚ ಬೆಳ್ಳಗಿರುತ್ತೆ. ಇದು ಸಂಜೆ ಹೊತ್ತಿಗೆ ತೇಗದ ಬಣ್ಣ ಆಗುತ್ತೆ. ಗುಜರಿಯವನು ಏನಂದ ಗೊತ್ತಾ? ಇದರ ಮೇಲೆ ಮಲಗಿದೋರಿಗೆ ಇಳಿಯೋಕೇ ಆಗ್ತಿರಲಿಲ್ಲವಂತೆ."

"ಈ ಕಂಬ?"

"ಅಂಗಿ ನೇತುಹಾಕೋಕೆ. ಎರಡು ಕೊಕ್ಕೆ ಇದೆ ನೋಡು, ಒಂದು ನನಗೆ, ಒಂದು ಅವರಿಗೆ." ಹೇಳುತ್ತಲೇ ನಾಚಿಕೊಂಡ. "ಆದ್ರೆ ಅಕ್ಕಾ, ಗುಜರಿ ಅಂತ ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡ. ಟೀಚರ್ ಕಿವಿಗೆ ಬಿದ್ರೆ ನನ್ನ ಕಥೆ ಮುಗೀತು."

ನಾನು ಸುಮ್ಮನಾದೆ. ಅವನು ಹುಟ್ಟಿದಾಗಿನಿಂದ ನನಗೆ ಅದು ಅಭ್ಯಾಸವಾಗಿದೆ.

ಮಂಚಕ್ಕೆ ಎರಡು ಕೈ ಕಂದು ಬಣ್ಣ ಬಿತ್ತು. ಒಣಗುವ ಮೊದಲೇ ಮುಳ್ಳು ಚಮಚದಿಂದ ಗೀಚಿ ಮರದ ಗೆರೆಗಳನ್ನೂ ಎಳೆದ. ಮಂಚದ ಕಾಲು ಚಾಚುವ ತುದಿಯಲ್ಲಿ, ಕೆಳಗೆ, ಎರಡು ಹಿಡಿಕೆ ಚಾಚಿಕೊಂಡಿದ್ದವು. ಅವು ಏಕೆಂದು ತಿಳಿಯದೆ ಅವಕ್ಕೂ ಬಣ್ಣ ಹಚ್ಚಿದ. ಆಮೇಲೆ ಚಿತ್ರಗಳು. ಒಂದರಲ್ಲಿ ತಲೆಗೆ ಬಿಳಿಯ ಕಿರೀಟವಿಟ್ಟ ಸುಂದರಿ ತುಟಿಯ ಮೇಲೆ ಬೆರಳಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಳು. "ಯಾವುದೋ ರಾಜಕುಮಾರಿ, ಯೋಚನೆ ಮಾಡ್ತಿದಾಳೆ" ಎಂದ ತಮ್ಮ. ಇನ್ನೊಂದು, ಹುರುಳಿ ಬೀಜದ ಆಕಾರದ ಕೊಳ. ಅದರೊಳಗೆ ಕೆಂಪು ಕೊಂಬೆ, ನೀಲಿ ಕೊಂಬೆ ಹರಡಿದ ಮರ. ಅದು ಏನೆಂದು ನನಗೂ ತಿಳಿಯಲಿಲ್ಲ. ನೋಡಲು ಚೆನ್ನಾಗಿಯೇ ಇತ್ತು.

ಒಳಗೆ ಇಷ್ಟೆಲ್ಲ ನಡೆಯುವಾಗ ಹೊರಗೆ ಬೀದಿ ಸುಮ್ಮನಿರಲಿಲ್ಲ. ಎದುರುಮನೆಯಾಕೆ ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದವಳು ಒಂದೇ ಟವೆಲನ್ನು ಏಳು ಸಲ ಒಣಹಾಕಿ ಎಲ್ಲವನ್ನೂ ನೋಡಿದ್ದಳು. ನಮ್ಮ ಕೆಳಗಿನ ಮನೆಯಲ್ಲಿ ರಿಟೈರಾದ ಕಾಂಪೌಂಡರ್ ಒಬ್ಬರಿದ್ದಾರೆ. ಮೂವತ್ತು ವರ್ಷ ದವಾಖಾನೆಯಲ್ಲಿ ಔಷಧಿ ಕಲಸಿದವರು. ಅವರನ್ನು ಕೂಗಿ ಹೇಳಿದಳಂತೆ:

"ಗಾಲಿ ಮಂಚ ಬಂತು, ಪರದೆ ಬಂತು, ಗ್ಲೂಕೋಸ್ ಬಾಟ್ಲಿ ನೇತುಹಾಕೋ ಕಂಬಾನೂ ಬಂತು ಕಾಂಪೌಂಡರೇ. ಇನ್ನು ರೋಗಿ ಒಬ್ರು ಬರೋದು ಬಾಕಿ."

"ಯಾಕೆ ಬರಬೇಕಮ್ಮ" ಎಂದರಂತೆ ಅವರು ನಿಟ್ಟುಸಿರು ಬಿಟ್ಟು, "ಮನೇಲೇ ಇದಾರಲ್ಲ."

ನಮ್ಮ ಬೀದಿಯಲ್ಲಿ ಒಂದು ಮರ್ಯಾದೆ ಇದೆ. ಕಾಯಿಲೆಯವರನ್ನು ಕಾಯಿಲೆ ಏನೆಂದು ನೇರವಾಗಿ ಯಾರೂ ಕೇಳುವುದಿಲ್ಲ. ಹಿಂದೆ ಯಾರೋ ಮೂಲೆಮನೆಯ ಗಡಿಯಾರ ರಿಪೇರಿಯವರನ್ನು ಹಾಗೆ ಕೇಳಿದ್ದಕ್ಕೆ, ಅವರು ಹೇಳಿ ಮಾರನೇ ದಿನವೇ ತೀರಿಹೋಗಿಬಿಟ್ಟರು. ಅಂದಿನಿಂದ ಸುತ್ತಿ ಬಳಸಿ ಕೇಳುವುದೇ ಪದ್ಧತಿ.

ಬುಧವಾರ ಕಾಂಪೌಂಡರ್ ಒಂದು ಪಾತ್ರೆ ಬಾರ್ಲಿ ನೀರು ಹಿಡಿದು ಮೇಲೆ ಬಂದರು. ಮಂಚ ಮೊದಲ ಸಲ ಹೊರಗಿನವರ ಕಣ್ಣಿಗೆ ಬೀಳುತ್ತಿದೆಯೆಂದು ನನ್ನ ತಮ್ಮನಿಗೆ ಸಂಭ್ರಮ. ಅವರು ಮಂಚದ ಕಂಬಿ ಸವರಿ, ಗಾಲಿ ನೋಡಿ, ದನಿ ತಗ್ಗಿಸಿ ಕೇಳಿದರು:

"ಯಾವಾಗಿನಿಂದ ತೂಕದಣ್ಣಾ?"

"ನಮ್ಮ ತಾತನ ಕಾಲದಿಂದ."

"ಅಯ್ಯೋ! ತಾತನವರಿಗೂ?"

"ಹೂಂ ಮತ್ತೆ. ತಾತನಿಂದ ಅಪ್ಪನಿಗೆ ಬಂತು, ಅಪ್ಪನಿಂದ ನನಗೆ. ನಮ್ಮ ಮನೆತನದ್ದು."

"ಹಾಗಾದ್ರೆ ನಿಮ್ಮಪ್ಪನವರು ಹೋಗಿದ್ದು..."

"ಇದರಿಂದಾನೇ... ಅಲ್ಲ, ಇದರ ಮೇಲೇ" ಎಂದ ತಮ್ಮ ಹೆಮ್ಮೆಯಿಂದ. ನಮ್ಮಪ್ಪ ಹೋದದ್ದು ಸಿನಿಮಾ ಟಿಕೆಟ್ಟಿನ ಸಾಲಿನಲ್ಲಿ ನಿಂತಿದ್ದಾಗ.

ಕಾಂಪೌಂಡರ ಕಣ್ಣು ಗೋಡೆಯ ಮೇಲಿನ ಮರದ ಚಿತ್ರಕ್ಕೆ ಹೋಯಿತು. ಅವರ ದವಾಖಾನೆಯ ಗೋಡೆಯಲ್ಲಿ ಮೂವತ್ತು ವರ್ಷ ಅದೇ ಚಿತ್ರ ತೂಗಿತ್ತು ಎಂದು ನನಗೆ ಗೊತ್ತಾದದ್ದು ಆಮೇಲೆ. ಕನ್ನಡಕ ತೆಗೆದು ಒರೆಸಿಕೊಂಡು, ತುಂಬ ಮೆಲ್ಲಗೆ ಕೇಳಿದರು:

"ಎಡಗಡೇದಾ, ಬಲಗಡೇದಾ?"

"ಸದ್ಯಕ್ಕೆ ಎಡಗಡೆ" ಎಂದ ತಮ್ಮ, ಚಿತ್ರ ನೇತುಹಾಕಿದ ಗೋಡೆ ತೋರಿಸಿ. "ಬಲಗಡೆಗೂ ಇಂಥದ್ದೇ ಒಂದು ಬೇಕು ಅಂತ ಹುಡುಕ್ತಿದೀನಿ. ನಿಮಗೆ ಗೊತ್ತಿರೋರು ಯಾರ ಹತ್ರ ಆದ್ರೂ ಎರಡಿದ್ರೆ ಒಂದು ಕೊಡ್ತಾರಾ ಕೇಳಿ ನೋಡಿ. ಬೇಕಾದ್ರೆ ನಿಮ್ಮದೇ ಆಗಲಿ. ಹಳೇದಾದ್ರೂ ಪರವಾಗಿಲ್ಲ."

ಕಾಂಪೌಂಡರು ಎರಡೂ ಕೈಯನ್ನು ಸೊಂಟದ ಹಿಂದೆ ಇಟ್ಟುಕೊಂಡು, ಹಿಂದೆ ಹಿಂದೆಯೇ ಹೆಜ್ಜೆ ಹಾಕುತ್ತ ಮೆಟ್ಟಿಲಿಳಿದರು. ಬಾರ್ಲಿ ನೀರಿನ ಪಾತ್ರೆ ವಾಪಸು ಕೇಳಲು ಅವರು ಇಂದಿಗೂ ಬಂದಿಲ್ಲ.

ಅದೇ ಸಂಜೆಯಿಂದ ಹಣ್ಣು ಬರಲು ಶುರುವಾಯಿತು. ಬಾಗಿಲಲ್ಲಿಟ್ಟು, ಗಂಟೆ ಒತ್ತಿ, ಕೊಟ್ಟವರು ಓಡಿಹೋಗುತ್ತಿದ್ದರು. "ಮದುವೆ ಸುದ್ದಿ ಹೇಗೋ ಗೊತ್ತಾಗಿದೆ ಅಕ್ಕಾ, ಎಷ್ಟು ಒಳ್ಳೇ ಜನ" ಎಂದ ತಮ್ಮ. ಆಫೀಸಿನಲ್ಲಂತೂ ಸಾಹೇಬರು ತಮ್ಮ ಸ್ವಂತ ಕುರ್ಚಿಯನ್ನೇ ತಕ್ಕಡಿಯ ಪಕ್ಕ ಹಾಕಿಸಿದರಂತೆ. "ನೀವು ಏನೂ ಎತ್ತಬಾರದು. ಅಂಚೆ ಚೀಟಿ ಕೂಡ ಬೇರೆಯವರು ಅಂಟಿಸ್ತಾರೆ. ನೀವು ಕೂತಿರಿ ಸಾಕು" ಎಂದರಂತೆ. "ಮದುವೆ ಆಗೋ ಗಂಡಿಗೆ ಇಷ್ಟು ಮರ್ಯಾದೆ ಅಂತ ಗೊತ್ತಿದ್ದಿದ್ರೆ ಮೊದಲೇ ಆಗ್ತಿದ್ದೆ" ಎಂದು ತಮ್ಮ ನನ್ನ ಮುಂದೆ ಪೇಚಾಡಿಕೊಂಡ.

ನನಗೆ ಅನುಮಾನ ಬಂದದ್ದು ಶನಿವಾರ ಬೆಳಿಗ್ಗೆ. ನಮ್ಮ ಚಿಕ್ಕಪ್ಪನ ಮಗ ಸೈಕಲ್ ಅಂಗಡಿ ಇಟ್ಟಿದ್ದಾನೆ. ಎರಡು ವರ್ಷದಿಂದ ನಮ್ಮ ಮನೆ ಮೆಟ್ಟಿಲು ಹತ್ತದಿದ್ದವನು ಬಂದು, ತಮ್ಮ ಕೆಲಸಕ್ಕೆ ಹೋಗಿದ್ದಾನೆಂದು ಖಾತ್ರಿ ಮಾಡಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ಕೂತ.

"ಅಕ್ಕಾ, ನಿನ್ನ ಹತ್ರ ಮುಚ್ಚಿಡೋದೇನು. ನನಗೆ ಹುಟ್ಟಿದಾಗಿನಿಂದ ಒಂದೇ ಕಿಡ್ನಿ."

ನಾನು ಸೌಟು ಹಿಡಿದುಕೊಂಡೇ ನಿಂತೆ. "ಯಾರೋ ಹೇಳಿದ್ದು?"

"ಅಮ್ಮ ಹೇಳಿದ್ಲು. ಹೋಗೋವಾಗ."

"ನಿಮ್ಮಮ್ಮ ಮೊನ್ನೆ ಮಾರ್ಕೆಟ್‌ನಲ್ಲಿ ಸಿಕ್ಕಿದ್ರಲ್ಲೋ!"

"ಮಾರ್ಕೆಟ್‌ಗೆ ಹೋಗೋವಾಗ್ಲೇ ಹೇಳಿದ್ದು" ಎಂದ, ಹಣೆ ಒರೆಸಿಕೊಂಡು. "ನನ್ನ ಹೆಂಡತೀನೂ ಕೊಡ್ತಿದ್ಲು ಅಕ್ಕಾ, ಪಾಪ ಅವಳಿಗೆ ಆಸೆ ಇದೆ. ಆದ್ರೆ ಅವಳದು ಅಳತೇಲಿ ಚಿಕ್ಕದು, ಅಣ್ಣನಿಗೆ ಸಾಲಲ್ಲ. ನಮ್ಮ ಭಾವಮೈದುನನ್ನ ಕೇಳು. ಅವನು ದಪ್ಪಗಿದಾನೆ, ಒಂದು ಹೋದ್ರೆ ಗೊತ್ತೂ ಆಗಲ್ಲ."

ಒಂದೊಂದೇ ಎಳೆ ಬಿಡಿಸಿ ಅವನ ಬಾಯಿಂದ ಎಲ್ಲ ಹೊರಡಿಸಿದೆ. ಸಂಜೆ ತಮ್ಮ ಬಂದಾಗ ಕೂರಿಸಿ ಹೇಳಿದೆ. ಬೀದಿಯವರ ಲೆಕ್ಕದಲ್ಲಿ ಅವನಿಗಿರುವುದು ಮನೆತನದ ಕಿಡ್ನಿ ಕಾಯಿಲೆ, ತಾತನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ. ಎಡಗಡೇದು ಹೋಗಿದೆ, ಬಲಗಡೇದಕ್ಕೆ ಬೀದಿಯಲ್ಲಿ ಕೇಳುತ್ತಿದ್ದಾನೆ. ಗೋಡೆಯ ಮೇಲಿರುವುದು ಮರವಲ್ಲ. ರಾಜಕುಮಾರಿ ನರ್ಸು, ಯೋಚನೆ ಮಾಡುತ್ತಿಲ್ಲ, ಗಲಾಟೆ ಮಾಡಬೇಡಿ ಎನ್ನುತ್ತಿದ್ದಾಳೆ.

ಅವನು ಬಹಳ ಹೊತ್ತು ಕೊಳವನ್ನೂ ಕೊಂಬೆಗಳನ್ನೂ ನೋಡಿದ.

"ಈಗಲೇ ಇಳಿದುಹೋಗಿ ನಿಜ ಹೇಳು" ಎಂದೆ.

"ಏನಂತ? ಗುಜರಿದು ಅಂತಲಾ? ಇರಲಿ ಬಿಡು ಅಕ್ಕಾ. ಗುಜರಿಗಿಂತ ಕಿಡ್ನಿ ವಾಸಿ."

"ನಾಳೆ ಟೀಚರ್ ಬರ್ತಾಳೆ. ಸಾಯೋ ಗಂಡನ್ನ ಯಾರೋ ಕಟ್ಕೋತಾರೆ?"

ಅದು ಅವನಿಗೆ ಹೊಳೆದೇ ಇರಲಿಲ್ಲ. ಮಂಚದ ಮೇಲೆ ದೊಪ್ಪನೆ ಕೂತ. ಅವನ ಮುಖ ನೋಡಿದೆ. ಈ ಸಲ ಅವನಿಗೆ ಟೀಚರ್ ನಿಜವಾಗಿ ಬೇಕಾಗಿತ್ತು. ಹಿಂದಿನ ಸಂಬಂಧಗಳು ತಪ್ಪಿದಾಗ ಊಟ ಮಾಡಿ ಮಲಗುತ್ತಿದ್ದವನು ಅಂದು ತಟ್ಟೆ ಮುಟ್ಟಲಿಲ್ಲ. "ಬೆಳಿಗ್ಗೆ ಹತ್ತಕ್ಕೆ ಬೀದೀಲಿ ನಿಂತು ಎಲ್ಲರಿಗೂ ಹೇಳಿಬಿಡ್ತೀನಿ, ಅವರು ಬರೋ ಮೊದಲು" ಎಂದ.

ಅವನು ಹತ್ತಕ್ಕೆ ಕ್ರಾಪು ಬಾಚಿಕೊಳ್ಳುತ್ತಿದ್ದ. ಟೀಚರ್ ಹತ್ತಕ್ಕೇ ಬಂದಳು. ಬೀದಿಯ ತಿರುವಿನಲ್ಲೇ ಎದುರುಮನೆಯಾಕೆ ಅವಳನ್ನು ಹಿಡಿದು, ಯಾರ ಮನೆಗೆ, ಏಕೆ ಎಂದು ವಿಚಾರಿಸಿ, ಕಾಯಿಲೆಯ ಕಥೆಯೆಲ್ಲ ಹೇಳಿ, ಕಣ್ಣೊರೆಸಿಕೊಂಡು, "ನೀವಿನ್ನೂ ಚಿಕ್ಕ ವಯಸ್ಸಿನೋರು, ವಾಪಸ್ ಹೋಗಿ ತಾಯೀ" ಎಂದಿದ್ದಳು.

ಟೀಚರ್ ವಾಪಸ್ ಹೋಗಲಿಲ್ಲ. ಮೆಟ್ಟಿಲು ಹತ್ತಿ ಬಂದಳು. ಅವಳ ಹಿಂದೆ ಎದುರುಮನೆಯಾಕೆ, ಅವಳ ಹಿಂದೆ ಕಾಂಪೌಂಡರು, ಅವರ ಹಿಂದೆ ಅರ್ಧ ಬೀದಿ. ಅವರನ್ನೆಲ್ಲ ಹೊರಗೆ ನಿಲ್ಲಿಸಿ ಕೋಣೆಯ ಬಾಗಿಲು ಹಾಕಿದೆ. ಒಳಗೆ ನಾವು ಮೂವರೇ ಉಳಿದೆವು.

"ಕೂತ್ಕೊಳ್ಳಿ, ನಿಂತಿರಬೇಡಿ" ಎಂದಳು ಟೀಚರ್. ಹೇಳಿದ ತಕ್ಷಣ ತಮ್ಮ ಮಂಚದ ಮೇಲೆ ಕಾಲು ಚಾಚಿ ಕೂತ. "ಕಾಯಿಲೆ ಇದ್ರೆ ನನಗೇನೂ ಬೇಜಾರಿಲ್ಲ. ಕಾಯಿಲೆ ಯಾರಿಗಿಲ್ಲ? ಉಪ್ಪಿಲ್ಲದೆ ಬೇಯಿಸಿ ಹಾಕೋಕೆ ನನಗೆ ಬರುತ್ತೆ. ನಮ್ಮ ಹಾಸ್ಟೆಲಿಗೆ ಬರೋ ಡಾಕ್ಟರನ್ನೂ ಬೇಕಾದ್ರೆ ಕೇಳ್ತೀನಿ, ಒಂದೇ ಕಿಡ್ನೀಲಿ ಎಷ್ಟೋ ಜನ ಬದುಕಿದಾರೆ. ಆದ್ರೆ ನನ್ನಿಂದ ಮುಚ್ಚಿಟ್ರಿ ನೋಡಿ, ಅದು ಸರಿ ಬರಲಿಲ್ಲ."

ನನ್ನ ತಮ್ಮನ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊನೆಗೆ, "ನನ್ನ ಕಿಡ್ನಿ ಚೆನ್ನಾಗಿದೆ ಟೀಚರ್" ಎಂದ.

"ಮತ್ತೆ ಸುಳ್ಳು" ಎಂದಳು. ಅವಳ ಕಾಲಿಗೆ ಮಂಚದ ಹಿಡಿಕೆ ತಗುಲಿತು. ಬಗ್ಗಿ ನೋಡಿದಳು. ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಚಕ್ರ ತಿರುಗಿಸಿದ ಕೈ, ಸುಮ್ಮನೆ ಬಿಟ್ಟೀತೆ? ಒಂದು ಸುತ್ತು ತಿರುಗಿಸಿದಳು. ಕಿರ್ ಎಂದು ಮಂಚದ ತಲೆಯ ಕಡೆ ಒಂದು ಗೇಣು ಎದ್ದಿತು, ಜೊತೆಗೆ ನನ್ನ ತಮ್ಮನ ಬೆನ್ನೂ.

"ಇದು ತೇಗವಾ?"

"ತೇ... ತೇಗವೇ."

ಇನ್ನೊಂದು ಸುತ್ತು. "ನಿಮ್ಮ ತಾತನವರು ಇದನ್ನ ತಿರುಗಿಸ್ತಿದ್ರಾ?"

"ಅವರಿಗೆ... ಕೂತು ಪೇಪರ್ ಓದೋ ಅಭ್ಯಾಸ..."

ಟೀಚರ್ ಎರಡನೇ ಹಿಡಿಕೆಗೆ ಕೈ ಹಾಕಿದಳು. ಈಗ ಮೊಣಕಾಲಿನ ಕಡೆ ಎದ್ದಿತು. ಐದನೇ ಸುತ್ತಿಗೆ ತಮ್ಮನ ಮೂಗು ಮಂಡಿಗೆ ತಗುಲುವ ಹಾಗಾಯಿತು. ಮಡಿಸಿ ಕಪಾಟಿನಲ್ಲಿಡುವ ಬಟ್ಟೆಯ ಹಾಗೆ ಕಾಣುತ್ತಿದ್ದ.

"ನಿಜ ಹೇಳಿದ್ರೆ ಒಂದು ಸುತ್ತು ಇಳಿಸ್ತೀನಿ" ಎಂದಳು, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ.

"ಗುಜರಿದು" ಎಂದಿತು ಮಂಡಿಗಳ ನಡುವಿನಿಂದ ಒಂದು ದನಿ.

ಒಂದು ಸುತ್ತು ಇಳಿಯಿತು.

"ಕಬ್ಬಿಣ. ಬಣ್ಣ ನಾನೇ ಹಚ್ಚಿದ್ದು."

ಇನ್ನೊಂದು.

"ತಾತ ಚಾಪೆ ಮೇಲೆ ಮಲಗ್ತಿದ್ರು. ಆ ಮರ ಕಿಡ್ನಿ ಅಂತ ನನಗೆ ಗೊತ್ತಿರಲಿಲ್ಲ. ಬಾರ್ಲಿ ನೀರು ನನಗೆ ಸೇರಲ್ಲ. ಆದ್ರೂ ಅಷ್ಟೂ ಕುಡಿದೆ."

ಕೇಳದೆಯೇ ಬಂದ ನಿಜಗಳಿಗೆ ಮೂರು ಸುತ್ತು ಇಳಿಯಿತು. ಮಂಚ ನೆಟ್ಟಗಾದರೂ ತಮ್ಮ ನೆಟ್ಟಗಾಗಲಿಲ್ಲ. ತಲೆ ಬಗ್ಗಿಸಿಯೇ ಹೇಳಿದ, "ನಿಮಗೆ ಒಳ್ಳೇ ಕೋಣೆ ಬೇಕು ಅಂದ್ರಿ. ನನ್ನ ಹತ್ರ ಒಳ್ಳೇದು ಏನೂ ಇರಲಿಲ್ಲ. ಅದನ್ನ ಹೇಳೋಕೆ ನಾಚಿಕೆ ಆಯ್ತು."

ಟೀಚರ್ ಕೋಣೆಯನ್ನು ಒಂದು ಸುತ್ತು ನೋಡಿದಳು. ಬಾಟಲಿಯ ಕಂಬದಲ್ಲಿ ಇಸ್ತ್ರಿ ಮಾಡಿ ನೇತುಹಾಕಿದ ಒಂದು ಅಂಗಿ, ಅದರ ಪಕ್ಕ ಖಾಲಿ ಬಿಟ್ಟ ಇನ್ನೊಂದು ಕೊಕ್ಕೆ. ಪರದೆಯ ಹರಿದ ಕಡೆ ಪಾರ್ಸಲ್ ಹುರಿಯಿಂದ ಹಾಕಿದ ಹೊಲಿಗೆ. ಅದನ್ನು ಹತ್ತಿರ ಹೋಗಿ, ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ರಾಜಕುಮಾರಿಯ ಮುಂದೆ ನಿಂತಳು. ಅವಳ ಭುಜ ಅಲುಗಿದ್ದು ನೋಡಿ ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ನಗು ನಿಂತ ಮೇಲೆ ನನ್ನ ಕಡೆ ತಿರುಗಿ ಎಂದಳು, "ಅಕ್ಕಾ, ಮಂಚ ಇರಲಿ. ಬಗ್ಗಿ ಬಗ್ಗಿ ನನ್ನ ಬೆನ್ನು ಹೋಗಿದೆ, ಈ ಹಿಡಿಕೆ ಒಳ್ಳೇದೇ. ಆದ್ರೆ ಕಿಟಕಿ ಹತ್ರ ಈ ಕಬ್ಬಿಣದ ಪೆಟ್ಟಿಗೆ ಬೇಡ. ಅಲ್ಲಿ ನನ್ನ ಮೆಷಿನ್ ಬರುತ್ತೆ."

ಅರ್ಥವಾಗಲು ನನಗೆ ಒಂದು ಕ್ಷಣ ಹಿಡಿಯಿತು. ತಮ್ಮನಿಗೆ ಮೂರು ಕ್ಷಣ. ಅರ್ಥವಾದ ಕೂಡಲೇ ಬಾಯಿ ತೆರೆಯಲು ಹೊರಟ. ನಾನು ಕಣ್ಣು ಕೆಕ್ಕರಿಸಿದೆ. ಬಾಯಿ ಮುಚ್ಚಿದ.

"ಈಗ ಹೊರಗೆ ಹೋಗಿ ಅವರಿಗೂ ಹೇಳಿ" ಎಂದಳು ಟೀಚರ್. "ನೀವೇ."

ಬಾಗಿಲು ತೆರೆದೆ. ಅದಕ್ಕೆ ಕಿವಿಯಿಟ್ಟಿದ್ದ ಚಿಕ್ಕಪ್ಪನ ಮಗ ಒಳಗೆ ಬಂದು ಬಿದ್ದ. ತಮ್ಮ ಮೆಟ್ಟಿಲ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಒಂದು ಮಾತೂ ಹೆಚ್ಚು ಕಡಿಮೆಯಿಲ್ಲದೆ ಹೇಳಿದ:

"ನನಗೆ ಯಾವ ಕಾಯಿಲೆಯೂ ಇಲ್ಲ. ಮಂಚ ಗುಜರಿದು. ತಾತನದು ಅಂತ ಸುಳ್ಳು ಹೇಳಿದೆ. ತಪ್ಪಾಯ್ತು."

ಎದುರುಮನೆಯಾಕೆ ಬಿಕ್ಕಿ ಬಿಕ್ಕಿ ಅತ್ತಳು.

"ನೋಡಿ, ನಮಗೆ ನೋವಾಗಬಾರದು ಅಂತ ಎಂಥ ಸುಳ್ಳು ಹೇಳ್ತಿದಾರೆ! ಗುಜರಿ ಅಂತೆ! ಸ್ವಾಭಿಮಾನಿ ಮನುಷ್ಯ, ಇಂಥ ಮಾತು ಬಾಯಲ್ಲಿ ಬಂತಲ್ಲ!"

"ನಿಜವಾಗ್ಲೂ ಗುಜರಿದೇ!" ಎಂದು ಕೂಗಿದ ತಮ್ಮ.

"ಕೊನೇ ಹಂತದಲ್ಲಿ ಹೀಗೆ ಏನೇನೋ ಮಾತಾಡ್ತಾರೆ" ಎಂದು ಕಾಂಪೌಂಡರು ಮೆಲ್ಲಗೆ ತಿಳಿಸಿದರು. ಅವರ ಕೈ ಇನ್ನೂ ಸೊಂಟದ ಹಿಂದೆಯೇ ಇತ್ತು.

ಟೀಚರ್ ನನ್ನ ಕಿವಿಯಲ್ಲಿ, "ಈ ಬೀದಿಗೆ ಎಷ್ಟು ಸುತ್ತು ತಿರುಗಿಸಬೇಕೋ ಅಕ್ಕಾ" ಎಂದಳು.

ತಮ್ಮ ಸರಸರನೆ ಒಳಗೆ ಹೋದ. ಮೂರು ದಿನ ಅಂಚೆ ಚೀಟಿಯನ್ನೂ ಎತ್ತದೆ ಕೂತಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂದಿರಬೇಕು. ಆ ಕಬ್ಬಿಣದ ಪೆಟ್ಟಿಗೆಯನ್ನು ಒಂದೇ ಸಲಕ್ಕೆ ಎತ್ತಿ ತಲೆಯ ಮೇಲಿಟ್ಟುಕೊಂಡು, ಜನರ ನಡುವೆಯೇ ದಾರಿ ಮಾಡಿಕೊಂಡು, ಮೆಟ್ಟಿಲಿಳಿದು ಬೀದಿಗೆ ನಡೆದ. "ಗುಜರಿಗೆ ವಾಪಸ್ ಕೊಟ್ಟು ಮೆಷಿನ್ ಇಡೋಕೆ ಮೇಜು ತರ್ತೀನಿ! ಬೇಕಾದ್ರೆ ಬಂದು ನೋಡಿ!" ಎಂದು ಕೂಗಿದ. ಬೆನ್ನು ನೆಟ್ಟಗಿತ್ತು, ಹೆಜ್ಜೆ ಗಟ್ಟಿಯಾಗಿತ್ತು, ಉಸಿರು ಕೂಡ ಹೆಚ್ಚಾಗಿರಲಿಲ್ಲ. ಪರದೆಯನ್ನು ಕಂಕುಳಲ್ಲಿಟ್ಟುಕೊಂಡು ಟೀಚರ್ ಹಿಂದೆ ಹಿಂದೆಯೇ ನಡೆದಳು.

ಚಿಕ್ಕಪ್ಪನ ಮಗ ತಡೆಯಲು ಓಡಿದ. ಎದುರುಮನೆಯಾಕೆ ಅವನ ತೋಳು ಹಿಡಿದು ನಿಲ್ಲಿಸಿದಳು.

"ಬಿಡಿ, ತಡೀಬೇಡಿ" ಎಂದಳು ಕಣ್ಣೊರೆಸಿಕೊಳ್ಳುತ್ತ. "ಕೊನೇ ಆಸೆ ಇರಬೇಕು."